ಹಳೆ ಫೋಟೋದೊಳಗೆ ಎರಡು ಕಿಲೋಬೈಟ್ ಗುಟ್ಟು

ಪಾಸ್‌ವರ್ಡ್ ಮ್ಯಾನೇಜರ್‌ನ ರಿಕವರಿ ಕೋಡ್, ಲಾಕರ್ ಬೀಗದ ಕೈ ಎಲ್ಲಿದೆ, ಯಾವ ಪಾಲಿಸಿಗೆ ಯಾರು ನಾಮಿನಿ. ಇಂಥ ವಿವರಗಳಿರುವ ಸುಮಾರು ಸಾವಿರ ಅಕ್ಷರದ ಚೀಟಿಯೊಂದು ನನಗೂ ಸಾಗರದಲ್ಲಿರುವ ಅಕ್ಕನಿಗೂ ಮಾತ್ರ ಸಿಗುವಂತೆ ಇರಬೇಕಿತ್ತು. ಎನ್‌ಕ್ರಿಪ್ಟ್ ಮಾಡಿದ ಫೈಲ್ ಒಂದನ್ನು ಮನೆಮಂದಿಯ ಕ್ಲೌಡ್ ಫೋಲ್ಡರ್‌ಗೆ ಹಾಕಿದರೆ ಆಯಿತಲ್ಲ ಎಂದರೆ, ಆಯಿತು. ಆದರೆ ಮದುವೆ ಫೋಟೋ, ಕರೆಂಟ್ ಬಿಲ್, ಮಕ್ಕಳ ಮಾರ್ಕ್ಸ್ ಕಾರ್ಡ್‌ಗಳ ನಡುವೆ ಬೀಗ ಹಾಕಿದ ಫೈಲ್ ಒಂದೇ ಕೂತಿದ್ದರೆ, ನೋಡಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅದಕ್ಕೆ ಚೀಟಿಯನ್ನು ಒಂದು ಫೋಟೋದೊಳಗೇ ಇಡುವ ಕೆಲಸಕ್ಕೆ ಕೈಹಾಕಿದೆ. ಸ್ಟೆಗನೋಗ್ರಫಿ ಎಂದು ಕರೆಯುವುದು ಇದನ್ನೇ.

ಇದಕ್ಕೆ ರೆಡಿಮೇಡ್ ಸಾಧನಗಳಿಗೇನು ಬರವಿಲ್ಲ. ಸ್ಟೆಗ್‌ಹೈಡ್ ಇದೆ, ಓಪನ್‌ಸ್ಟೆಗೋ ಇದೆ. ಹತ್ತು ವರ್ಷ ಬಿಟ್ಟು ಅಕ್ಕ ತೆಗೆಯುವ ಹೊತ್ತಿಗೆ ಆ ಪ್ರೋಗ್ರಾಂ ಓಡುತ್ತದೆಯೋ ಇಲ್ಲವೋ ಎಂಬ ಅನುಮಾನಕ್ಕೆ, ವಿಧಾನವನ್ನು ಒಂದು ಪುಟದಲ್ಲಿ ಬರೆದಿಡಬಹುದಾದಷ್ಟು ಸರಳವಾಗಿ ನಾನೇ ಕಟ್ಟಿದೆ. ಬೇಕಾದದ್ದು ಪೈಥಾನ್, ಅದರ ಜೊತೆ ಪಿಲ್ಲೋ (ಚಿತ್ರಕ್ಕೆ), ನಂಪೈ (ಸಂಖ್ಯೆಗಳ ಪಟ್ಟಿಗೆ), ಕ್ರಿಪ್ಟೋಗ್ರಫಿ (ಬೀಗಕ್ಕೆ) ಎಂಬ ಮೂರು ಪ್ಯಾಕೇಜು, ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್.

ಇನ್ನೊಂದು ಬೇಕಾದದ್ದು ಕಾವಲುಗಾರ. 1983ರಲ್ಲಿ ಗೂಢಲಿಪಿ ತಜ್ಞ ಗುಸ್ಟಾವಸ್ ಸಿಮನ್ಸ್ ಈ ಇಡೀ ವಿದ್ಯೆಯನ್ನು ಒಂದು ಜೈಲಿನ ಲೆಕ್ಕವಾಗಿ ಮುಂದಿಟ್ಟರು. ಇಬ್ಬರು ಕೈದಿಗಳು ಪತ್ರ ಬರೆದುಕೊಳ್ಳಬಹುದು, ಆದರೆ ಪ್ರತಿ ಪತ್ರವನ್ನೂ ವಾರ್ಡನ್ ಓದುತ್ತಾನೆ. ಗುಪ್ತ ಭಾಷೆಯ ಸುಳಿವು ಸಿಕ್ಕರೆ ಇಬ್ಬರನ್ನೂ ಬೇರೆ ಮಾಡುತ್ತಾನೆ. ಅಂದರೆ ಒಳಗಿನದನ್ನು ಓದುವುದೇ ಬೇಡ, ಏನೋ ಇದೆ ಎಂದು ಗೊತ್ತಾದರೂ ವಾರ್ಡನ್ ಗೆದ್ದ ಹಾಗೆ. ನನ್ನ ವಾರ್ಡನ್ ಅಕ್ಕನ ಮಗ. ಎಂಜಿನಿಯರಿಂಗ್ ಓದುತ್ತಾನೆ, ಅಡಗಿಸಿದ ಗುಟ್ಟು, ಭದ್ರತೆಯ ಬಿರುಕು ಹುಡುಕುವ ಸಿಟಿಎಫ್ ಸ್ಪರ್ಧೆಗಳ ಹುಚ್ಚು. ಪಾಸ್‌ಫ್ರೇಸ್ (ಹಲವು ಪದಗಳ ಪಾಸ್‌ವರ್ಡ್) ಒಂದು ಬಿಟ್ಟು ಪ್ರೋಗ್ರಾಂನ ಪ್ರತಿ ಸಾಲನ್ನೂ ಅವನಿಗೆ ಕೊಟ್ಟಿದ್ದೆ. ಗುಟ್ಟು ಕೀಲಿಯಲ್ಲಿರಬೇಕು, ವಿಧಾನದಲ್ಲಲ್ಲ ಎಂದು ಗೂಢಲಿಪಿಯ ಬಗ್ಗೆ ಬರೆದ ಕರ್ಕ್‌ಹಾಫ್ಸ್ 1883ರಲ್ಲೇ ಹೇಳಿಟ್ಟ ನಿಯಮ ಇಲ್ಲಿಗೂ ಸಲ್ಲುತ್ತದೆ.

ಮೊದಲ ರೂಪ: ಬರೀ ಕೊನೆಯ ಬಿಟ್

ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ, ಒಂದೊಂದೂ 0ಯಿಂದ 255ರವರೆಗೆ. 118 ಎಂಬ ಸಂಖ್ಯೆ ಬೈನರಿಯಲ್ಲಿ 01110110, ಎಂಟು ಬಿಟ್, ಅಂದರೆ ಒಂದು ಬೈಟ್. ಕೊನೆಯ 0ಯನ್ನು 1 ಮಾಡಿದರೆ 119. ಬಣ್ಣದಲ್ಲಿ ಆದ ಈ ವ್ಯತ್ಯಾಸ ಯಾರ ಕಣ್ಣಿಗೂ ಕಾಣದು. ಹೀಗೆ ಚಿತ್ರದ ಮೇಲಿನ ಎಡ ಮೂಲೆಯಿಂದ ಶುರುಮಾಡಿ ಚೀಟಿಯ ಒಂದೊಂದೇ ಬಿಟ್ ಅನ್ನು ಕೊನೆಯ ಬಿಟ್‌ಗಳ ಜಾಗಕ್ಕೆ ಹಾಕುತ್ತ ಹೋಗುವುದು ಎಲ್ಲರೂ ಮೊದಲು ಬರೆಯುವ ಪ್ರೋಗ್ರಾಂ. ಇಪ್ಪತ್ತು ಸಾಲು ದಾಟುವುದಿಲ್ಲ. ಮುಂದಿನದನ್ನು ಹೋಲಿಸಿ ನೋಡಲು ಒಂದು ಆಧಾರ ಇರಲಿ ಎಂದು ಇದನ್ನೂ ಬರೆದು ಹುಡುಗನಿಗೆ ಕಳಿಸಿದೆ.

ಉತ್ತರ ಬರುವುದಕ್ಕೆ ಕಾಫಿ ಮುಗಿಯುವಷ್ಟೂ ಹೊತ್ತಾಗಲಿಲ್ಲ.

"ಮಾವ, ಇದು ಕನ್ನಡದಲ್ಲಿದೆ."

"ಓದಿಯೇ ಬಿಟ್ಯೇನೋ?"

"ಓದೋದಕ್ಕೆ ಮುಂಚೇನೇ ಗೊತ್ತಾಯ್ತು. ಮೂರು ಬೈಟಿಗೊಂದು 224 ಬರ್ತಿದೆ."

ಇದು ನಮ್ಮ ಲಿಪಿಗೇ ಇರುವ ಪೇಚು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179, ಬದಲಾಗುವುದು ಮೂರನೆಯದಷ್ಟೇ. 'ಕ' ಅಂದರೆ 224, 178, 149. ಗುಣಿತದ ಚಿಹ್ನೆ, ಸ್ವರ ತೆಗೆಯುವ ಹಲಂತ ಎಲ್ಲವೂ ಪ್ರತ್ಯೇಕ ಲೆಕ್ಕ, ಹಾಗಾಗಿ 'ನಮಸ್ಕಾರ' ಎನ್ನುವುದಕ್ಕೆ 21 ಬೈಟ್. ಸಾವಿರ ಅಕ್ಷರದ ನನ್ನ ಚೀಟಿ ಸುಮಾರು 2,700 ಬೈಟ್ ಆಗಿ, 1500 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮೇಲಿನ ಐದು ಸಾಲು ತುಂಬಿತ್ತು. ಕೊನೆಯ ಬಿಟ್‌ಗಳನ್ನಷ್ಟೇ ಕಪ್ಪು-ಬಿಳುಪಾಗಿ ತೋರಿಸಿದರೆ ಆ ಐದು ಸಾಲು ಬೇರೆಯೇ ನೇಯ್ಗೆಯ ಪಟ್ಟಿಯ ಹಾಗೆ ಎದ್ದು ಕಾಣುತ್ತದೆ.

ಯಾವ ಚಿತ್ರ?

ಪ್ರೋಗ್ರಾಂಗಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲಿ. ಅಂತರ್ಜಾಲದಿಂದ ಇಳಿಸಿದ ಚಿತ್ರ ಬೇಡವೇ ಬೇಡ. ಮೂಲವನ್ನು ಪಕ್ಕದಲ್ಲಿಟ್ಟು ಕಳೆದರೆ ಬದಲಾದ ಪಿಕ್ಸೆಲ್‌ಗಳೆಲ್ಲ ಕೈಗೆ ಬರುತ್ತವೆ. ಮೊಬೈಲ್‌ನಲ್ಲಿ ತೆಗೆದ ಜೆಪೆಗ್ ಫೋಟೋವನ್ನು ಪಿಎನ್‌ಜಿ (ಸಂಖ್ಯೆಗಳನ್ನು ಬದಲಿಸದೆ ಉಳಿಸುವ ಚಿತ್ರದ ಫೈಲ್) ಮಾಡಿಕೊಳ್ಳುವುದೂ ಅಷ್ಟೇ ಅಪಾಯ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ, ಮತ್ತೆ ಹಿಗ್ಗಿಸಿದಾಗ ಆ ಚೌಕಗಳ ಗುರುತು ಸಂಖ್ಯೆಗಳಲ್ಲಿ ಉಳಿಯುತ್ತದೆ. ಅಂಥ ಚೌಕದಲ್ಲಿ ಒಂದು ಪಿಕ್ಸೆಲ್ 1ರಷ್ಟು ಆಚೀಚೆ ಆದರೂ 'ಈ ಚೌಕ ಯಾವ ಜೆಪೆಗ್‌ನಿಂದಲೂ ಹುಟ್ಟಲಾರದು' ಎಂದು ಲೆಕ್ಕ ಹಾಕಿ ಹೇಳುವವರಿದ್ದಾರೆ. ಅದೂ ಅಲ್ಲದೆ ಮೊಬೈಲ್ ಫೋಟೋ ಪಿಎನ್‌ಜಿ ಆಗಿರುವುದೇ ವಿಚಿತ್ರ.

ಹಳೆ ಆಲ್ಬಮ್ ಸ್ಕ್ಯಾನ್ ಮಾಡುವವರು ಪಿಎನ್‌ಜಿಯಲ್ಲಿ ಉಳಿಸಿಕೊಳ್ಳುವುದು ಮಾತ್ರ ಸಹಜ. ನಮ್ಮ ಫೋಲ್ಡರ್‌ನಲ್ಲಿ ಅಂಥವು ಮೊದಲೇ ಸಾಲುಸಾಲು ಇದ್ದವು. ಅಡಿಕೆ ಅಂಗಳದಲ್ಲಿ ಒಣಗಿಸಿದ ಕಾಲದ ಒಂದು ಬಣ್ಣಗೆಟ್ಟ, ಬಿಳಿ ಅಂಚು ಬಿಟ್ಟು 5×7 ಇಂಚಿನ ಫೋಟೋ ಆರಿಸಿ 300 ಡಿಪಿಐನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿದೆ. ಹರಡಿದ ಅಡಿಕೆ, ಸೋಗೆ, ಒರಟು ಕಾಗದದ ಕಣಕಣ ಎಲ್ಲ ಸೇರಿ ಚಿತ್ರದ ತುಂಬ ಸಣ್ಣ ಏರಿಳಿತ. ನೀಲಿ ಆಕಾಶ, ಬಿಳಿ ಗೋಡೆ ಇರುವ ಚಿತ್ರದಲ್ಲಿ ಇಷ್ಟು ಮರೆ ಸಿಗದು. ಸ್ಕ್ಯಾನರ್ ಸಾಫ್ಟ್‌ವೇರ್‌ನಲ್ಲಿ ಶಾರ್ಪನಿಂಗ್, ಧೂಳು ತೆಗೆಯುವ ಆಯ್ಕೆಗಳನ್ನು ಬಂದ್ ಮಾಡಿದೆ. ಫೋಟೋದ ಬಿಳಿ ಅಂಚಿನಲ್ಲಿ ಸಂಖ್ಯೆಗಳು 255ಕ್ಕೇ ಮುಟ್ಟಿ ನಿಂತಿರಬಹುದಾದ್ದರಿಂದ ಅದನ್ನು ಕತ್ತರಿಸಿದೆ. ಉಳಿದದ್ದು 1500×2100 ಪಿಕ್ಸೆಲ್, ಮೂರು ಬಣ್ಣಕ್ಕೆ ಒಟ್ಟು 94,50,000 ಜಾಗ. ಕೆಲಸ ಮುಗಿದ ಮೇಲೆ ಈ ಮೂಲ ಸ್ಕ್ಯಾನ್ ಅನ್ನು ಅಳಿಸಲೇಬೇಕು. ರೀಸೈಕಲ್ ಬಿನ್‌ನಿಂದಲೂ, ಕ್ಲೌಡ್‌ನ ಹಳೆ ಆವೃತ್ತಿಗಳ ಪಟ್ಟಿಯಿಂದಲೂ.

ಮೊದಲು ಬೀಗ, ಆಮೇಲೆ ಅಡಗಿಸುವುದು

ಬಚ್ಚಿಟ್ಟದ್ದು ಸಿಕ್ಕರೂ ಓದಲಾಗಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಬರೀ ಬಚ್ಚಿಡುವುದನ್ನು ಭದ್ರತೆ ಎನ್ನುವ ಪ್ರೋಗ್ರಾಂಗಳನ್ನು ನಾನು ಮುಟ್ಟುವುದಿಲ್ಲ.

ಚೀಟಿಯನ್ನು ಮೊದಲು ಝಡ್‌ಲಿಬ್‌ನಿಂದ ಕುಗ್ಗಿಸುತ್ತೇನೆ. ಮತ್ತೆ ಮತ್ತೆ ಬರುವ ಆ 224, 178ಗಳಿಂದಾಗಿ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ, ಹೆಚ್ಚುಕಡಿಮೆ ಮೂರನೇ ಒಂದಕ್ಕೆ. ಈ ಕೆಲಸ ಎನ್‌ಕ್ರಿಪ್ಟ್‌ಗೆ ಮೊದಲೇ ಆಗಬೇಕು. ಎನ್‌ಕ್ರಿಪ್ಟ್ ಆದದ್ದು ಕುಗ್ಗುವುದಿಲ್ಲ. ಉದ್ದ ಎಷ್ಟೆಂದು ಎರಡು ಬೈಟ್‌ನಲ್ಲಿ ಬರೆದು, ಕುಗ್ಗಿಸಿದ ಪಠ್ಯ ಸೇರಿಸಿ, ಉಳಿದ ಜಾಗಕ್ಕೆ ಗೊತ್ತುಗುರಿಯಿಲ್ಲದ ಬೈಟ್ ತುಂಬಿ ಯಾವಾಗಲೂ 2,048 ಬೈಟ್ ಮಾಡುತ್ತೇನೆ. ಚೀಟಿ ಚಿಕ್ಕದೋ ದೊಡ್ಡದೋ ಎಂಬುದೂ ಹೊರಗೆ ತಿಳಿಯಬಾರದು. ಇದರ ಮೇಲೆ ಎಇಎಸ್-256 ಎಂಬ ಬೀಗ, ಯಾರಾದರೂ ತಿದ್ದಿದ್ದರೆ ಗೊತ್ತಾಗುವ ಜಿಸಿಎಂ ರೀತಿಯಲ್ಲಿ. ಅದರ 12 ಬೈಟ್ ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ), 16 ಬೈಟ್ ಟ್ಯಾಗ್ (ತಾಳೆ ನೋಡುವ ಗುರುತು) ಸೇರಿ ಒಟ್ಟು 2,076 ಬೈಟ್, ಅಂದರೆ 16,608 ಬಿಟ್.

ಕೀಲಿ ಹುಟ್ಟುವುದು ಪಾಸ್‌ಫ್ರೇಸ್‌ನಿಂದ, ಎಸ್‌ಕ್ರಿಪ್ಟ್ ಮೂಲಕ. ಊಹೆ ಮಾಡುವವನಿಗೆ ಪ್ರತಿ ಊಹೆಗೂ ಮೆಮೊರಿ ದಂಡ ಬೀಳುವಂತೆ ಮಾಡುವುದು ಇದರ ಕೆಲಸ. ಪೈಥಾನ್ ಜೊತೆಗೇ ಬರುವ ಹ್ಯಾಶ್‌ಲಿಬ್‌ನಲ್ಲಿ ಇದನ್ನು ಬಳಸುವವರು ಒಂದು ಗಮನಿಸಿ: ಮೆಮೊರಿ ಮಿತಿ ತಾನಾಗಿ 32 ಎಂಬಿಗೆ ನಿಂತಿರುತ್ತದೆ. ನಾನು 128 ಎಂಬಿ ಬೇಡುವ ಹಾಗೆ ಇಟ್ಟಿದ್ದೇನೆ, ಅದಕ್ಕೆ ಮಿತಿಯನ್ನು ಕೈಯಾರೆ ಏರಿಸದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಇಷ್ಟು ದಂಡ ಯಾಕೆಂದರೆ, ಸ್ಟೆಗ್‌ಹೈಡ್ ಫೈಲ್‌ಗಳ ಪಾಸ್‌ವರ್ಡ್ ಒಡೆಯಲೆಂದೇ ಬಂದ ಸ್ಟೆಗ್‌ಸೀಕ್ ಎಂಬ ಸಾಧನ, ಸೋರಿಹೋದ ಒಂದೂವರೆ ಕೋಟಿಗೆ ಹತ್ತಿರದ ಪಾಸ್‌ವರ್ಡ್‌ಗಳ ಪಟ್ಟಿಯನ್ನು ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಓಡಿಸಿ ಮುಗಿಸುತ್ತದೆ.

ಎಸ್‌ಕ್ರಿಪ್ಟ್‌ಗೆ ಬೇಕಾದ 16 ಬೈಟ್ ಸಾಲ್ಟ್ ಅನ್ನು (ಒಂದೇ ಪಾಸ್‌ಫ್ರೇಸ್‌ಗೂ ಪ್ರತಿ ಸಲ ಬೇರೆ ಕೀಲಿ ಬರುವಂತೆ ಬೆರೆಸುವ ಬೈಟ್‌ಗಳು) ಎಲ್ಲಿಡುವುದು? ಕೀಲಿ ಸಿಗುವ ಮೊದಲೇ ಅದನ್ನು ಓದಬೇಕಲ್ಲ. ಚಿತ್ರದ ಪ್ರತಿ ಸಂಖ್ಯೆಯಲ್ಲೂ ಕೊನೆಯದನ್ನು ಬಿಟ್ಟು ಮೇಲಿನ ಏಳು ಬಿಟ್‌ಗಳ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಅನ್ನೇ ಸಾಲ್ಟ್ ಮಾಡಿಕೊಳ್ಳುವ ಜಾಣತನ ಹೊಳೆದಿತ್ತು, ಆದರೆ ಮುಂದೆ ಹೇಳುವ ಕಾರಣಕ್ಕೆ ಆ ಏಳು ಬಿಟ್‌ಗಳೂ ಬದಲಾಗಬಹುದು. ಮೊದಲ 128 ಜಾಗಗಳಲ್ಲಿ ನೇರವಾಗಿ ಇಟ್ಟೆ. ಸಾಲ್ಟ್ ತಾನೇ ಗೊತ್ತುಗುರಿಯಿಲ್ಲದ ಬಿಟ್‌ಗಳ ಸಾಲು. ಸ್ಕ್ಯಾನರ್‌ನ ಗದ್ದಲದ ನಡುವೆ ಅದೂ ಗದ್ದಲವೇ.

ಚೆಲ್ಲುವುದು

ಉಳಿದ ಜಾಗಗಳನ್ನು ಕೀಲಿ ಇದ್ದವನಿಗೆ ಮಾತ್ರ ಗೊತ್ತಾಗುವ ಕ್ರಮದಲ್ಲಿ ಕಲಸಬೇಕು. ನಂಪೈಯಲ್ಲೇ ಕಲಸುವ ಫಂಕ್ಷನ್ ಇದೆ, ಅದನ್ನು ಬಳಸಲಿಲ್ಲ. ಅದರ ಹೊಸ ರ‍್ಯಾಂಡಮ್ ಜನರೇಟರ್ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಅದೇ ಸಂಖ್ಯೆಗಳನ್ನು ಕೊಡುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಹತ್ತು ವರ್ಷದ ಮಾತಿಗೆ ಇದು ಆಗದು. ಬದಲಿಗೆ, ಎಸ್‌ಕ್ರಿಪ್ಟ್‌ನಿಂದ 64 ಬೈಟ್ ಪಡೆದು ಮೊದಲರ್ಧ ಎಇಎಸ್‌ಗೆ, ಎರಡನೆಯರ್ಧ ಚಾಚಾ20ಗೆ, ಅದು ಕೀಲಿಯಿಂದ ಗೊತ್ತುಗುರಿಯಿಲ್ಲದಂತೆ ಕಾಣುವ ಬೈಟ್ ಸುರಿಸುವ ವಿಧಾನ. ಚಾಚಾ20 ಸುರಿಯುವ ಬೈಟ್‌ಗಳಲ್ಲಿ ಒಂದೊಂದು ಜಾಗಕ್ಕೆ ಎಂಟೆಂಟು ಅಂಟಿಸಿ, ಆ ಸಂಖ್ಯೆಗಳ ಏರಿಕೆ ಕ್ರಮದಲ್ಲಿ ಜಾಗಗಳನ್ನು ಜೋಡಿಸಿದರೆ ಕಲಸಿದಂತಾಯಿತು. ಸುಮಾರು 75 ಎಂಬಿ ಸಂಖ್ಯೆಗಳು, ಸಾಧಾರಣ ಲ್ಯಾಪ್‌ಟಾಪ್‌ಗೆ ಭಾರವೇನಲ್ಲ. ಎಂಟು ಬೈಟ್‌ಗಳನ್ನು ಯಾವ ಕಡೆಯಿಂದ ಓದಬೇಕೆಂಬುದನ್ನೂ ವಿಧಾನದ ಪುಟದಲ್ಲಿ ಬರೆದಿದ್ದೇನೆ.

ಕೂಡುವುದೋ ಕಳೆಯುವುದೋ

ಕೊನೆಯ ಬಿಟ್ ಅನ್ನು ಬರೀ ಬದಲಿಸಿದರೆ 118 ಮತ್ತು 119 ತಮ್ಮತಮ್ಮಲ್ಲೇ ಅದಲುಬದಲಾಗುತ್ತವೆ. 119 ಎಂದೂ 120 ಆಗುವುದಿಲ್ಲ. ಸಹಜ ಚಿತ್ರದಲ್ಲಿ 118 ಎಷ್ಟಿವೆಯೋ 119 ಅಷ್ಟೇ ಇರಬೇಕೆಂದಿಲ್ಲ, ಆದರೆ ಚಿತ್ರದ ತುಂಬ ಗುಟ್ಟು ತುಂಬಿದಾಗ ಪ್ರತಿ ಜೋಡಿಯೂ ಸಮಸಮವಾಗಿಬಿಡುತ್ತದೆ. 1999ರಲ್ಲಿ ವೆಸ್ಟ್‌ಫೆಲ್ಡ್ ಮತ್ತು ಫಿಟ್ಸ್‌ಮನ್ ಈ ಸಮಸಮವನ್ನೇ ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ಹಿಡಿದು ತೋರಿಸಿದರು. ಹುಡುಗ ಅದನ್ನು ಬರೆದುಕೊಂಡೇ ಕೂತಿದ್ದ. ಪರೀಕ್ಷೆಗೆಂದು ಪೂರ್ತಿ ತುಂಬಿಸಿ ಕೊಟ್ಟ ಚಿತ್ರದಲ್ಲಿ ಅವನ ಗ್ರಾಫ್ ನೇರ 1ಕ್ಕೆ, ಅಂದರೆ 'ಗುಟ್ಟು ಇದೆ' ಎಂಬಲ್ಲಿಗೆ ಹಾರಿ ಅಲ್ಲೇ ನಿಂತಿತು.

ಮದ್ದು ಸುಲಭ. ಬಿಟ್ ಬದಲಾಗಬೇಕಾದಲ್ಲೆಲ್ಲ ನಾಣ್ಯ ಚಿಮ್ಮಿ 1 ಕೂಡಿಸು, ಇಲ್ಲವೇ 1 ಕಳೆ. ಎರಡರಲ್ಲೂ ಕೊನೆಯ ಬಿಟ್ ತಿರುಗುತ್ತದೆ, ಹಾಗಾಗಿ ತೆಗೆಯುವವನಿಗೆ ಏನೂ ವ್ಯತ್ಯಾಸವಿಲ್ಲ. ಆದರೆ 127ಕ್ಕೆ 1 ಕೂಡಿಸಿದರೆ 128, ಅಂದರೆ 01111111 ಹೋಗಿ 10000000. ಮೇಲಿನ ಏಳು ಬಿಟ್‌ಗಳ ಹ್ಯಾಶ್ ಕೈಕೊಡುವುದು ಇಲ್ಲೇ. ಇನ್ನೊಂದು ಗುಂಡಿ: ನಂಪೈಯ ಎಂಟು ಬಿಟ್ ಸಂಖ್ಯೆಯಲ್ಲಿ 255ಕ್ಕೆ 1 ಕೂಡಿಸಿದರೆ ಸದ್ದಿಲ್ಲದೆ 0 ಆಗುತ್ತದೆ, ಬಿಳಿಯ ಮೇಲೆ ಬಣ್ಣದ ಚುಕ್ಕೆ ಬೀಳುತ್ತದೆ. 255 ಇದ್ದರೆ ಕಳೆಯುವುದು ಮಾತ್ರ, 0 ಇದ್ದರೆ ಕೂಡಿಸುವುದು ಮಾತ್ರ. 'ಆ ಜಾಗಗಳನ್ನೇ ಬಿಟ್ಟರಾಯಿತಲ್ಲ ಮಾವ' ಎಂದ ಹುಡುಗ. ಬಿಡುವ ಹಾಗಿಲ್ಲ. ಅಡಗಿಸುವಾಗ 1 ಇದ್ದದ್ದು 0 ಆಗಿಬಿಟ್ಟರೆ, ತೆಗೆಯುವವನು ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ, ಅಲ್ಲಿಂದಾಚೆಗೆ ಎಲ್ಲ ಲೆಕ್ಕವೂ ಒಂದು ಮನೆ ಜರುಗುತ್ತದೆ.

ಒಂದೇ ಮುಟ್ಟಿಗೆ ಒಂಬತ್ತು ಬಿಟ್

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದು. ವೆಸ್ಟ್‌ಫೆಲ್ಡ್ ಅವರೇ 2001ರಲ್ಲಿ ತಮ್ಮ ಎಫ್5 ವಿಧಾನದಲ್ಲಿ ಬಳಸಿದ ಯುಕ್ತಿ; ಬೇರು ತಪ್ಪು ತಿದ್ದಲೆಂದು ಹುಟ್ಟಿದ ಹ್ಯಾಮಿಂಗ್ ಕೋಡ್‌ನಲ್ಲಿದೆ.

ಏಳು ಜಾಗ ತೆಗೆದುಕೊಳ್ಳಿ, 1ರಿಂದ 7ರವರೆಗೆ ನಂಬರ್ ಹಾಕಿ. 2, 3, 6ನೇ ಜಾಗಗಳಲ್ಲಿ ಕೊನೆಯ ಬಿಟ್ 1 ಇದೆ, ಉಳಿದೆಡೆ 0 ಎಂದುಕೊಳ್ಳೋಣ. ಆ ಮೂರು ನಂಬರ್‌ಗಳನ್ನು ಬೈನರಿಯಲ್ಲಿ ಎಕ್ಸಾರ್ ಮಾಡಿ (ಒಂದೊಂದು ಸ್ಥಾನದಲ್ಲೂ 1ಗಳು ಬೆಸ ಇದ್ದರೆ 1, ಸಮ ಇದ್ದರೆ 0): 010, 011, 110 ಸೇರಿ 111, ಅಂದರೆ 7. ಈಗ ನಾವು ಅಡಗಿಸಬೇಕಾದದ್ದು 5, ಅಂದರೆ 101. 7 ಮತ್ತು 5ರ ಎಕ್ಸಾರ್ 2. ಹಾಗಾದರೆ 2ನೇ ಜಾಗವೊಂದನ್ನೇ ಬದಲಿಸಿ. ಈಗ 1 ಉಳಿದಿರುವುದು 3 ಮತ್ತು 6ರಲ್ಲಿ. 011 ಮತ್ತು 110 ಸೇರಿ 101. ಐದು ಬಂತು! ಒಂದೇ ಜಾಗ ಮುಟ್ಟಿ ಮೂರು ಬಿಟ್ ಇಟ್ಟೆವು, ಯಾವುದನ್ನು ಮುಟ್ಟಿದೆವು ಎಂದು ತೆಗೆಯುವವನಿಗೆ ಹೇಳಬೇಕಾಗಿಯೂ ಇಲ್ಲ. ಎಕ್ಸಾರ್ 0 ಬಂದರೆ ಏನನ್ನೂ ಮುಟ್ಟುವುದೇ ಬೇಡ.

ನನ್ನ ಬಳಿ ಜಾಗ ಧಾರಾಳವಾಗಿದೆ. ಅದಕ್ಕೆ 511 ಜಾಗಗಳ ಗುಂಪು, ಗುಂಪಿಗೆ 9 ಬಿಟ್. 16,608 ಬಿಟ್‌ಗಳಿಗೆ 1,846 ಗುಂಪು, ಹೆಚ್ಚೆಂದರೆ ಅಷ್ಟೇ ಬದಲಾವಣೆ. ನೇರವಾಗಿ ಇಟ್ಟಿದ್ದರೆ ಸರಾಸರಿ 8,300 ಜಾಗ ಬದಲಾಗುತ್ತಿತ್ತು. ಈಗ ಐದು ಸಾವಿರ ಜಾಗಕ್ಕೆ ಒಂದರಂತೆ. ಗುಂಪನ್ನು 4,095ಕ್ಕೆ ಏರಿಸಿ 12 ಬಿಟ್ ಮಾಡಿದರೂ ಬದಲಾವಣೆ 1,384ಕ್ಕೆ ಇಳಿಯುತ್ತದೆ ಅಷ್ಟೆ, ಸಾಕು ಅನ್ನಿಸಿ ಒಂಬತ್ತಕ್ಕೇ ನಿಲ್ಲಿಸಿದೆ.

ಹಾಗೆಂದು ಚಿತ್ರ ದೊಡ್ಡದಾದಷ್ಟೂ ತುಂಬುತ್ತ ಹೋಗಬಹುದು ಎಂದಲ್ಲ. ಆ್ಯಂಡ್ರೂ ಕೆರ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದ ವರ್ಗಮೂಲದ ನಿಯಮದ ಪ್ರಕಾರ, ಚಿತ್ರ ನಾಲ್ಕು ಪಟ್ಟಾದರೆ ಸುರಕ್ಷಿತವಾಗಿ ಅಡಗಿಸಬಹುದಾದದ್ದು ಎರಡೇ ಪಟ್ಟು. 'ನಿಮ್ಮ ಫೋಟೋದಲ್ಲಿ ಒಂದಿಡೀ ಪುಸ್ತಕ ಅಡಗಿಸಿ' ಎನ್ನುವ ವಿಡಿಯೋಗಳನ್ನು ನೋಡಿದಾಗ ಇದು ನೆನಪಾಗುತ್ತದೆ. ಕೂಡಿ-ಕಳೆಯುವ ವಿಧಾನವನ್ನೂ ಮೂಸಿ ಹಿಡಿಯುವ ಪರೀಕ್ಷೆಗಳಿವೆ, ಕಲಿತ ನ್ಯೂರಲ್ ನೆಟ್‌ವರ್ಕ್‌ಗಳಿವೆ. ಅವುಗಳೆದುರು ನನ್ನ ಕೈಲಿರುವುದು ಒಂದೇ: ಕಡಿಮೆ ಮುಟ್ಟುವುದು.

ಪಾಸ್‌ಫ್ರೇಸ್ ಕನ್ನಡದಲ್ಲೇ

ಅಕ್ಕನಿಗೆ ನೆನಪಿರಬೇಕಾದ್ದರಿಂದ ಆರು ಕನ್ನಡ ಪದ, ಪಟ್ಟಿಯಿಂದ ದಾಳ ಉರುಳಿಸಿ ಆರಿಸಿದ್ದು. ಐದು ದಾಳಕ್ಕೆ ಒಂದರಂತೆ 7,776 ಪದಗಳ ಪಟ್ಟಿ. ಆರು ಪದ ಸೇರಿದರೆ 77 ಬಿಟ್‌ಗಿಂತ ತುಸು ಹೆಚ್ಚು, ಅಂದರೆ ಊಹಿಸಬೇಕಾದ ಸಾಧ್ಯತೆಗಳು 2ರ 77ನೇ ಘಾತಕ್ಕೂ ಹೆಚ್ಚು. ಆದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತಿರುವ ಕಾಟ ಇಲ್ಲಿ ಕೀಲಿಯನ್ನೇ ಹಾಳುಮಾಡುತ್ತದೆ. 'ಕೋ' ಎಂದು ಬರೆದಾಗ ಆ ದೀರ್ಘ ಓತ್ವ ಒಂದೇ ಚಿಹ್ನೆಯಾಗಿಯೂ ಬರಬಹುದು, ಎತ್ವ, ಕೊಂಬಿನ ದೀರ್ಘ, ಉದ್ದದ ಗುರುತು ಎಂದು ಮೂರು ತುಂಡಾಗಿಯೂ ಬರಬಹುದು. ನೋಡಲು ಒಂದೇ, ಬೈಟ್‌ಗಳು ಬೇರೆ, ಕೀಲಿಯೂ ಬೇರೆ. 'ರ‍್ಯಾಂಕ್' ಪದದಲ್ಲಿ ಅರ್ಕಾವತ್ತು ತಪ್ಪಿಸಲು ನಡುವೆ ಕಾಣದ ಜೋಡಣೆ ಚಿಹ್ನೆಯೊಂದು ಕೂತಿರುತ್ತದೆ. ಒಂದು ಕೀಬೋರ್ಡ್ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಹಾಗಾಗಿ ಪಾಸ್‌ಫ್ರೇಸ್ ಅನ್ನು ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸಿದ) ರೂಪಕ್ಕೆ ತಂದು, ಕಾಣದ ಚಿಹ್ನೆಗಳನ್ನೆಲ್ಲ ಕಿತ್ತು, ಖಾಲಿ ಜಾಗಗಳನ್ನು ಒಂದೊಂದಕ್ಕಿಳಿಸಿ, ಆಮೇಲೆ ಎಸ್‌ಕ್ರಿಪ್ಟ್‌ಗೆ ಕೊಡುತ್ತೇನೆ. ರ-ವತ್ತಿನ ಗೊಂದಲದ ಪದಗಳನ್ನು ಪಟ್ಟಿಯಿಂದಲೇ ತೆಗೆದದ್ದು ಅಕ್ಕನ ಸಲಹೆ: "ನಾಳೆ ನನ್ನ ಕೈಲಿ ಯಾವ ಫೋನ್ ಇರ್ತದೋ ಏನೋ ಮಾರಾಯ, ಬಸಳೆ, ಕೊಟ್ಟಿಗೆ ಇಂಥದ್ದೇ ಇಡು."

ಸಾಗಿಸುವುದು

ಚಾಟ್ ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ದಾರಿಯಲ್ಲೇ ಜೆಪೆಗ್ ಆಗಿ ಕುಗ್ಗುತ್ತದೆ. ಕೊನೆಯ ಬಿಟ್‌ಗಳೆಲ್ಲ ಹೊಸದಾಗಿ ಹುಟ್ಟುತ್ತವೆ, ಚೀಟಿ ಹೇಳಹೆಸರಿಲ್ಲದೆ ಹೋಗುತ್ತದೆ. ಅರ್ಧಂಬರ್ಧ ಉಳಿಯುವ ಮಾತೇ ಇಲ್ಲ. ಜಿಸಿಎಂ ಟ್ಯಾಗ್ ತಾಳೆಯಾಗದೆ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ, ಇಮೇಲ್‌ಗೆ ಲಗತ್ತಿಸಿದರೆ ಬೈಟ್‌ಗಳು ಹಾಗೇ ಉಳಿಯುತ್ತವೆ. ಕ್ಲೌಡ್‌ನಲ್ಲಿ 'ಜಾಗ ಉಳಿಸಿ' ಎಂಬ ಆಯ್ಕೆ ಇದ್ದರೆ ಅದನ್ನು ತೆಗೆಯಬೇಕು. ಎರಡೂ ಕಡೆ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್ ಹೋಲಿಸಿ ನೋಡಿಯೇ ಮೂಲ ಅಳಿಸಿದ್ದು.

ಕೊನೆಗೆ ಒಂದೇ ಆಲ್ಬಮ್‌ನ ಕೆಲವು ಸ್ಕ್ಯಾನ್‌ಗಳನ್ನು ಹುಡುಗನಿಗೆ ಕೊಟ್ಟೆ, ಕೆಲವಕ್ಕೆ ಚೀಟಿ ಇತ್ತು, ಕೆಲವಕ್ಕಿಲ್ಲ. ಬಿಟ್ ಪದರಗಳನ್ನು ಬಿಡಿಸಿ ನೋಡಿದ, ಕೈ-ಸ್ಕ್ವೇರ್ ಓಡಿಸಿದ, ನನ್ನದೇ ಪ್ರೋಗ್ರಾಂಗೆ ಕಂಡಕಂಡ ಪಾಸ್‌ಫ್ರೇಸ್ ಕೊಟ್ಟ. ಚೀಟಿ ಇಲ್ಲದ ಚಿತ್ರಕ್ಕೂ ತಪ್ಪು ಪಾಸ್‌ಫ್ರೇಸ್‌ಗೂ ಪ್ರೋಗ್ರಾಂ ಕೊಡುವ ಉತ್ತರ ಒಂದೇ, ಟ್ಯಾಗ್ ಸರಿಯಿಲ್ಲ. ಅವನ ವಿಂಗಡಣೆ ಕಣ್ಣುಮುಚ್ಚಿ ಆರಿಸಿದ್ದಕ್ಕಿಂತ ಹೆಚ್ಚೇನೂ ಸರಿಯಿರಲಿಲ್ಲ. "ಇನ್ನೂ ನೂರು ಸ್ಕ್ಯಾನ್ ಕೊಡಿ ಮಾವ, ನೆಟ್‌ವರ್ಕ್ ಕಲಿಸಿ ನೋಡ್ತೀನಿ" ಎಂದಿದ್ದಾನೆ. ಕೊಡುವವನಿದ್ದೇನೆ.

ಉಳಿದಿರುವುದು ಅಕ್ಕನ ಕಡೆಯ ಭಾಗ. ಪೈಥಾನ್ ಇಲ್ಲದೆ ಬ್ರೌಸರ್‌ನಲ್ಲೇ ಚೀಟಿ ತೆಗೆಯುವ ಒಂದು ಪುಟ ಬರೆಯುತ್ತಿದ್ದೇನೆ. ಚಿತ್ರವನ್ನು ಬ್ರೌಸರ್‌ನ ಚಿತ್ರ ಬಿಡಿಸುವ ಹಾಳೆಯಾದ ಕ್ಯಾನ್ವಾಸ್ ಮೇಲೆ ಇಳಿಸಿ ಪಿಕ್ಸೆಲ್ ಓದುವುದು ಸುಲಭದ ದಾರಿ, ಆದರೆ ಸ್ಕ್ಯಾನರ್ ಸೇರಿಸುವ ಬಣ್ಣದ ಪ್ರೊಫೈಲ್ ಫೈಲ್‌ನಲ್ಲಿ ಉಳಿದಿದ್ದರೆ ಬ್ರೌಸರ್ ಅದಕ್ಕೆ ತಕ್ಕಂತೆ ಸಂಖ್ಯೆಗಳನ್ನು ತಿದ್ದಿ ಕೊಡಬಹುದು, ಆಗ ಕೊನೆಯ ಬಿಟ್ ಕೈಗೆ ಸಿಗದು. ಪಿಲ್ಲೋ ಕೂಡ ಆ ಪ್ರೊಫೈಲ್ ಅನ್ನು ಪಿಎನ್‌ಜಿ ಉಳಿಸುವಾಗ ತಾನಾಗಿ ಜೊತೆಗೆ ಒಯ್ಯುತ್ತದೆ. ಅದಕ್ಕೆ ಬರೀ ಸಂಖ್ಯೆಗಳಿಂದ ಹೊಸ ಚಿತ್ರ ಕಟ್ಟಿ ಪ್ರೊಫೈಲ್ ಇಲ್ಲದೆ ಉಳಿಸಿದ್ದೇನೆ. ಫೋಲ್ಡರ್‌ನಲ್ಲಿದ್ದ ಉಳಿದ ಸ್ಕ್ಯಾನ್‌ಗಳನ್ನೂ ಹಾಗೆಯೇ ಮತ್ತೆ ಉಳಿಸಿ ಇಟ್ಟೆ, ಇದೊಂದೇ ಬೇರೆ ಥರ ಕಾಣಬಾರದಲ್ಲ. ಬ್ರೌಸರ್ ಪುಟದಲ್ಲಿ ಕ್ಯಾನ್ವಾಸ್ ಬಿಟ್ಟು ಪಿಎನ್‌ಜಿ ಬೈಟ್‌ಗಳನ್ನು ನೇರ ಬಿಡಿಸುವ ಕೋಡ್ ಅರ್ಧ ಆಗಿದೆ.